ಕೂಸು ಹುಟ್ಟೋ ಮುಂಚೆ ಕುಲಾವಿ: ಎಷ್ಟು ಕೊಳ್ಳೋಣ, ಯಾವಾಗ ಕೊಳ್ಳೋಣ?

ಮಗಳಿಗೆ ಏಳು ತಿಂಗಳು ತುಂಬಿತು. ಸೀಮಂತ ಮುಗಿಸಿಕೊಂಡು ಬಾಣಂತನಕ್ಕೆ ಅಂತ ಕತ್ರಿಗುಪ್ಪೆಯ ನಮ್ಮ ಮನೆಗೆ ಕರ್ಕೊಂಡು ಬಂದಿದ್ದೀವಿ. ಬಂದ ಮಾರನೇ ದಿನವೇ ಮೊಬೈಲ್ ನನ್ನ ಕೈಗೆ ಕೊಟ್ಟು, ‘ಅಮ್ಮಾ, ಈ ಲಿಸ್ಟ್ ಒಂದ್ಸಲ ನೋಡು, ಆರ್ಡರ್ ಮಾಡಿಬಿಡ್ತೀನಿ’ ಅಂದಳು. ಮರದ ಕಾಟು, ಅದರ ಸುತ್ತ ಕಟ್ಟೋ ಮೆತ್ತೆ, ತಳ್ಳುಗಾಡಿ, ಹಾಲಿನ ಬಾಟಲಿ ಆರು, ಅವನ್ನು ಕುದಿಸೋ ವಿದ್ಯುತ್ ಡಬ್ಬ, ಡೈಪರ್ ದೊಡ್ಡ ಪ್ಯಾಕ್ ಎಂಟು, ಪೌಡರು, ಲೋಷನ್ನು, ವಾಕರ್ರು. ಕೆಳಗೆ ಒಟ್ಟು ಮೊತ್ತ 68 ಸಾವಿರ ಚಿಲ್ಲರೆ. ಪಕ್ಕದಲ್ಲೇ ‘ಬಡ್ಡಿ ಇಲ್ಲದ ಕಂತು’ ಅನ್ನೋ ಹಸಿರು ಬಟನ್!

ಸೋಫಾದ ತುದಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೀತಿದ್ದ ನಮ್ಮಮ್ಮ ಕತ್ತೆತ್ತಲಿಲ್ಲ. ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬಾರದು. ಈ ಮನೆಗೆ ಒಂದು ಗುಂಡಿ ಕೂಡ ಬರಕೂಡದು’ ಅಂದರು. ಮಗಳ ಮುಖ ಸಣ್ಣಗಾಯಿತು. ‘ಅಜ್ಜಿ, ಆಮೇಲೆ ಯಾರು ಓಡಾಡ್ತಾರೆ? ನಾನು ಆಸ್ಪತ್ರೇಲಿರ್ತೀನಿ’ ಅಂತ ಇವಳು. ‘ನಾವೆಲ್ಲ ನಿಮ್ಮಮ್ಮನ್ನ ಸಾಕಲಿಲ್ವೇನೇ?’ ಅಂತ ಅವರು. ಮಧ್ಯೆ ಸಿಕ್ಕಿಹಾಕಿಕೊಂಡವಳು ನಾನು. ಈ ದೃಶ್ಯ ನಿಮ್ಮ ಮನೆಯಲ್ಲೂ ನಡೆದಿರಬಹುದು, ಅಲ್ವಾ? ಸೊಸೆ-ಅತ್ತೆ ನಡುವೆ ನಡೆದಿದ್ದರಂತೂ ಇನ್ನೂ ಕಷ್ಟ.

ಅದಕ್ಕೇ ಒಂದು ವಾರ ಟೈಮ್ ಕೇಳಿಕೊಂಡೆ. ಅಂಗಡಿ, ವೈದ್ಯರು, ಪತ್ರಿಕೆಯ ಕಟಿಂಗ್ಸು, ಪಕ್ಕದ ಮನೆಯ ಎರಡು ಮಕ್ಕಳ ತಾಯಿ, ಎಲ್ಲರನ್ನೂ ವಿಚಾರಿಸಿದೆ. ಕಳೆದ ಕೆಲವು ವರ್ಷಗಳಲ್ಲಿ ತೆರಿಗೆ ಬದಲಾಗಿದೆ, ಕಾನೂನು ಬದಲಾಗಿದೆ, ಊರಿನ ನೀರಿನ ಪರಿಸ್ಥಿತಿ ಬದಲಾಗಿದೆ, ಅಂಗಡಿ ಮನೆ ಬಾಗಿಲಿಗೇ ಬಂದಿದೆ. ನಮ್ಮ ಪಟ್ಟಿ ಮಾತ್ರ ಜಾಹೀರಾತು ನೋಡಿ ಬರೆದದ್ದು. ನನಗೆ ತಿಳಿದಿದ್ದನ್ನು ನಿಮ್ಮ ಮುಂದೆ ಇಡ್ತಾ ಇದ್ದೀನಿ, ನಿಮ್ಮ ಮನೆಗೆ ಹೊಂದಿದ್ದನ್ನು ತೆಗೆದುಕೊಳ್ಳಿ.

ಅಜ್ಜಿಯ ಮಾತು ಬರೀ ಮೂಢನಂಬಿಕೆಯಾ?

ಮೊದಲು ಇದನ್ನೇ ನೋಡೋಣ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಅಂದರೆ ಎಂಟು ಮಕ್ಕಳಲ್ಲಿ ಒಂದು. ನಮ್ಮಮ್ಮನ ಮೊದಲ ಮಗು 1972ರಲ್ಲಿ ಹುಟ್ಟಿ ಒಂಬತ್ತನೇ ದಿನ ಹೋಯಿತು. ನನಗಿದು ಗೊತ್ತಿತ್ತು, ಆದರೆ ಆ ಮಗುವಿಗೆ ಅಂತ ಅಮ್ಮ ಉಲ್ಲನ್ನಿನಲ್ಲಿ ಹೆಣೆದ ಟೋಪಿ ಒಂದು ವರ್ಷ ಪೂರ್ತಿ ಮನೆಯ ಟ್ರಂಕಿನಲ್ಲಿತ್ತು, ಟ್ರಂಕು ತೆರೆದಾಗಲೆಲ್ಲ ಕಣ್ಣಿಗೆ ಬೀಳ್ತಿತ್ತು ಅನ್ನೋದು ಗೊತ್ತಿರಲಿಲ್ಲ. ಮೊನ್ನೆ ರಾತ್ರಿ ಹಾಲು ಕಾಯಿಸುವಾಗ ಹೇಳಿದರು. ಅಂಥ ಕಾಲದಲ್ಲಿ ‘ಮುಂಚೆ ಏನೂ ಕೊಳ್ಳಬೇಡಿ’ ಅಂತ ಹೆಂಗಸರು ಮಾಡಿಕೊಂಡ ನಿಯಮದಲ್ಲಿ ದೇವರು ದಿಂಡರಿಗಿಂತ ಹೆಚ್ಚಾಗಿ ಮನಸ್ಸನ್ನು ಕಾಪಾಡಿಕೊಳ್ಳೋ ಉಪಾಯ ಇತ್ತು ಅಂತ ನನಗನ್ನಿಸುತ್ತೆ.

2023ರ ಲೆಕ್ಕದಲ್ಲಿ ಆ 129 ಇಳಿದು 25ಕ್ಕೆ ಬಂದಿದೆ. ನಮ್ಮ ರಾಜ್ಯದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ ಅಂತ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಭಯಕ್ಕೆ ಕಾರಣ ತುಂಬ ಕಡಿಮೆಯಾಗಿದೆ. ಆದರೆ ಭಯ ಪಟ್ಟವರು ಇನ್ನೂ ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ಮುಂದೆ ‘ಅದೆಲ್ಲ ಓಲ್ಡ್ ಫ್ಯಾಶನ್’ ಅನ್ನೋದಕ್ಕೆ ಮುಂಚೆ ಒಂದು ನಿಮಿಷ ಯೋಚಿಸೋಣ.

ಇನ್ನೊಂದು ತಮಾಷೆ ಗೊತ್ತಾ? ಅಜ್ಜಿಯ ನಿಯಮ ಪಾಲಿಸೋದು ಇವತ್ತಿನಷ್ಟು ಸುಲಭ ಹಿಂದೆಂದೂ ಇರಲಿಲ್ಲ. ಮೊದಲು ಮಗುವಿನ ಸಾಮಾನಿಗೆ ಚಿಕ್ಕಪೇಟೆಗೋ ಗಾಂಧಿಬಜಾರಿಗೋ ಜಯನಗರ ನಾಲ್ಕನೇ ಬ್ಲಾಕಿಗೋ ಅರ್ಧ ದಿನ ಇಟ್ಟುಕೊಂಡು ಹೋಗಬೇಕಿತ್ತು. ಈಗ ಇನ್‌ಸ್ಟಾಮಾರ್ಟ್, ಬ್ಲಿಂಕಿಟ್, ಜೆಪ್ಟೊ ಹುಡುಗರು ಕತ್ರಿಗುಪ್ಪೆಯ ಯಾವ ಕ್ರಾಸಿಗೆ ಬೇಕಾದರೂ ಡೈಪರ್, ಸೋಪು, ಥರ್ಮಾಮೀಟರನ್ನ ಸಾಂಬಾರು ಕುದಿಯೋಷ್ಟರಲ್ಲಿ ತಂದುಕೊಡ್ತಾರೆ. ರಾತ್ರಿ ಹತ್ತಕ್ಕೂ ಬರ್ತಾರೆ. ಹಾಗಿದ್ದ ಮೇಲೆ ಮೂರು ತಿಂಗಳ ದಾಸ್ತಾನು ಯಾಕೆ ಬೇಕು? ‘ಆಮೇಲೆ ಯಾರು ಓಡಾಡ್ತಾರೆ’ ಅನ್ನೋ ನನ್ನ ಮಗಳ ಪ್ರಶ್ನೆಗೆ ಅವಳ ಮೊಬೈಲಿನಲ್ಲೇ ಉತ್ತರ ಇತ್ತು. ದಾಸ್ತಾನು ಮಾಡಿದರೆ ಲಾಭ ಅಂಗಡಿಗೆ, ಜಾಗ ಹೋಗೋದು ನಮ್ಮ ವಾರ್ಡ್‌ರೋಬಿನದು.

ತೆರಿಗೆ ಇಳಿದಿದೆ, ಬಿಲ್ಲು ಇಳಿದಿದೆಯಾ?

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತಲ್ಲ, ಅಂಗಡಿಗಳ ಮುಂದೆ ‘ಜಿಎಸ್‌ಟಿ ಉಳಿತಾಯ’ ಅಂತ ಬೋರ್ಡು ನೋಡಿರ್ತೀರಿ. ಮಗುವಿನ ಸಾಮಾನಿನ ಮಟ್ಟಿಗೆ ನಿಜವಾಗಿ ಏನಾಯಿತು ನೋಡಿ. ಮಕ್ಕಳ ಡೈಪರ್-ನ್ಯಾಪ್ಕಿನ್, ಹಾಲಿನ ಬಾಟಲಿ, ಅದರ ನಿಪ್ಪಲ್ಲು ಶೇ 12ರಿಂದ ಶೇ 5ಕ್ಕೆ ಬಂತು. ಸ್ನಾನದ ಸೋಪು, ಶಾಂಪೂ, ತಲೆಗೆ ಹಚ್ಚೋ ಎಣ್ಣೆ, ಟಾಲ್ಕಂ ಪೌಡರು, ಥರ್ಮಾಮೀಟರು ಶೇ 18ರಿಂದ ಶೇ 5ಕ್ಕೆ ಬಂತು.

ಲೆಕ್ಕ ಹಾಕೋಣ. ಹಳೇ ತೆರಿಗೆ ಸೇರಿ 1,120 ರೂಪಾಯಿ ಇದ್ದ ಡೈಪರ್ ಪ್ಯಾಕು ಈಗ 1,050 ಆಗಬೇಕು. ಉಳಿದಿದ್ದು 70 ರೂಪಾಯಿ. ಒಳ್ಳೇದೇ, ಬೇಡ ಅನ್ನಬಾರದು. ಆದರೆ ಆ 70 ರೂಪಾಯಿ ಉಳಿಸೋ ಖುಷಿಯಲ್ಲಿ ಒಂದರ ಬದಲು ಎಂಟು ಪ್ಯಾಕು ತಂದರೆ ಏನು ಬಂತು? ಹುಟ್ಟಿದ ಮಗುವಿನ ಅಳತೆಯ ಡೈಪರು ಸಾಮಾನ್ಯವಾಗಿ ಐದು ಕೆ.ಜಿ.ವರೆಗೆ. ಮೂರು ಕೆ.ಜಿ. ಹುಟ್ಟಿದ ಕೂಸು ಎರಡು ಮೂರು ತಿಂಗಳಲ್ಲಿ ಅದನ್ನು ದಾಟಿರುತ್ತೆ. ಮಿಕ್ಕ ಪ್ಯಾಕುಗಳನ್ನು ಯಾರಿಗಾದರೂ ದಾನ ಮಾಡಬೇಕಷ್ಟೆ. ಇನ್ನೊಂದು ಕಿವಿಮಾತು: ಪ್ಯಾಕಿನ ಬೆಲೆ ನೋಡಬೇಡಿ, ಒಳಗೆ ಎಷ್ಟಿದೆ ಎಣಿಸಿ ಒಂದಕ್ಕೆ ಎಷ್ಟು ಬಿತ್ತು ನೋಡಿ. ತರಕಾರಿ ಗಾಡಿಯ ಮುಂದೆ ನಾವೆಲ್ಲ ಮಾಡೋ ಲೆಕ್ಕವೇ ಇದು, ಎ.ಸಿ. ಅಂಗಡಿಯಲ್ಲಿ ಯಾಕೋ ಮರೀತೀವಿ.

ಬಟ್ಟೆಯ ವಿಷಯದಲ್ಲಿ ಬೋರ್ಡು ನೋಡಿ ಮೋಸ ಹೋಗಬೇಡಿ. ಸಾವಿರ ರೂಪಾಯಿ ಒಳಗಿನ ಉಡುಪಿಗೆ ಮೊದಲೂ ಶೇ 5 ಇತ್ತು, ಈಗಲೂ ಅಷ್ಟೇ. ಮಗುವಿನ ಜಬಲಾ, ಟೋಪಿಗಳೆಲ್ಲ ಆ ಬೆಲೆಯೊಳಗೇ ಬರೋದು. ಹಾಗಾಗಿ ಅಲ್ಲಿ ‘ಜಿಎಸ್‌ಟಿ ಆಫರ್’ ಅಂದರೆ ಅದು ಅಂಗಡಿಯವರ ಮಾಮೂಲಿ ಆಫರ್ರು. ಸಾವಿರದಿಂದ 2,500ರವರೆಗಿನದಕ್ಕೆ ಶೇ 12ರ ಬದಲು ಶೇ 5 ಆಯಿತು. 2,500 ದಾಟಿದ್ದಕ್ಕೆ ಶೇ 18 ಆಗಿ ಜಾಸ್ತಿಯೇ ಆಯಿತು. ನಾಮಕರಣಕ್ಕೆ ಅಂತ ರೇಷ್ಮೆ ಲಂಗವೋ ಶೇರ್ವಾನಿಯೋ ಕೊಳ್ಳೋ ಅತ್ತೆಮಾವಂದಿರಿಗೆ ಹೇಳಿ!

ಬಟ್ಟೆಯಾ ಡೈಪರಾ?

ನಮ್ಮಮ್ಮನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಳೇ ಪಂಚೆ, ವಾಯಿಲ್ ಸೀರೆ ಹರಿದು ಲಂಗೋಟಿ ಮಾಡಿಕೊಂಡರೆ ಮುಗೀತು. ಮೆತ್ತಗೆ, ಚರ್ಮಕ್ಕೆ ಹಿತ, ಖರ್ಚಿಲ್ಲ. ಡೈಪರ್ ಪರವಾಗಿ ಲೆಕ್ಕ ಹಾಕಿದರೆ ಒಂದಕ್ಕೆ 10 ರೂಪಾಯಿ, ದಿನಕ್ಕೆ ಹತ್ತು ಅಂತ ಇಟ್ಟುಕೊಂಡರೂ ತಿಂಗಳಿಗೆ 3,000 ಆಯಿತು. ಹಾಗಾದರೆ ಬಟ್ಟೆಯೇ ಸರಿ ಅಂತ ತೀರ್ಪು ಕೊಟ್ಟುಬಿಡೋಣ ಅಂದುಕೊಂಡೆ. ಆದರೆ ನಮ್ಮ ಮನೆಯ ಸಂಪು ನೆನಪಾಯಿತು.

2024ರ ಮಾರ್ಚಿನಲ್ಲಿ ಬೆಂಗಳೂರಲ್ಲಿ ನೀರಿಗೆ ಬಂದ ಕಷ್ಟ ಯಾರು ಮರೆತಾರು? ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕ್ಯೂ ಹಚ್ಚಿ, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. 2025ರ ಏಪ್ರಿಲ್‌ನಲ್ಲಿ ನೀರಿನ ದರವೂ ಏರಿತು, ಹತ್ತು ವರ್ಷದ ಮೇಲೆ. ದಿನಕ್ಕೆ ಹದಿನೈದು ಇಪ್ಪತ್ತು ಲಂಗೋಟಿ ನೆನೆಸಿ, ಒಗೆದು, ಬಿಸಿಲಿಗೆ ಹಾಕೋಕೆ ನೀರು ಬೇಕು, ಬಿಸಿಲು ಬರೋ ಜಾಗ ಬೇಕು, ಒಗೆಯೋ ಕೈ ಬೇಕು. ಆ ಕೈ ಯಾರದು ಅನ್ನೋದು ದೊಡ್ಡ ಪ್ರಶ್ನೆ. ‘ಬಟ್ಟೆಯೇ ಒಳ್ಳೇದು’ ಅಂತ ಹೇಳೋ ಗಂಡಸರನ್ನು ಒಂದು ವಾರ ಒಗೆಯೋ ಕಲ್ಲಿನ ಮುಂದೆ ನಿಲ್ಲಿಸಿ ನೋಡಬೇಕು.

ಡೈಪರಿಗೂ ಇನ್ನೊಬ್ಬರ ಕೈ ಇದೆ. ನಮ್ಮ ಬೀದಿಗೆ ಬೆಳಗ್ಗೆ ಬರೋ ಕಸದ ಗಾಡಿಯ ಹೆಂಗಸು ಬರಿಗೈಲಿ ಚೀಲ ಬಿಚ್ಚೋದನ್ನ ನೋಡಿದ್ದೀನಿ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಆದೇಶವಾದಾಗಿನಿಂದ ಹಸಿ ಕಸ, ಒಣ ಕಸ, ಡೈಪರ್-ಪ್ಯಾಡು ಮೂರನ್ನೂ ಬೇರೆ ಬೇರೆಯಾಗಿ ಕೊಡಬೇಕು ಅನ್ನೋದು ಬೆಂಗಳೂರಿನ ಪದ್ಧತಿ. ಡೈಪರನ್ನ ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿದರೆ ಒಳಗೇನಿದೆ ಅಂತ ಅವರಿಗೆ ಗೊತ್ತಾಗುತ್ತೆ. ಸುತ್ತೋಕೆ ಚೀಲವನ್ನೋ ಹಾಳೆಯನ್ನೋ ಡೈಪರ್ ಕಂಪನಿಗಳೇ ಜೊತೆಗೆ ಕೊಡಬೇಕು ಅಂತ 2016ರ ಕೇಂದ್ರದ ಘನತ್ಯಾಜ್ಯ ನಿಯಮದಲ್ಲೇ ಬಂದಿತ್ತು. ನಿಮ್ಮ ಪ್ಯಾಕಿನಲ್ಲಿ ಸಿಕ್ಕಿದೆಯಾ? ನನಗಂತೂ ಈವರೆಗೆ ಕಂಡಿಲ್ಲ.

ನಮ್ಮ ಮನೆಯಲ್ಲಿ ಆಗಿರೋ ಒಪ್ಪಂದ ಹೀಗಿದೆ. ಹಗಲು ಬಟ್ಟೆ. ರಾತ್ರಿ ಮತ್ತು ಆಸ್ಪತ್ರೆಗೆ ಹೋಗೋ ದಿನ ಡೈಪರು. ಒಂದು ಸಣ್ಣ ಪ್ಯಾಕು ಸಾಕು. ಬೇಸಿಗೆಯಲ್ಲಿ ನೀರು ಕೈಕೊಟ್ಟರೆ ಆಗ ನೋಡಿಕೊಳ್ಳೋದು. ವಾಷಿಂಗ್ ಮೆಷಿನ್ನಿಗೆ ಹಾಕೋ ಕೆಲಸ ಅಳಿಯಂದಿರದು ಅಂತ ನಾನೇ ಫೋನಿನಲ್ಲಿ ಹೇಳಿದ್ದೀನಿ. ‘ಆಯ್ತು ಅತ್ತೆ’ ಅಂದಿದ್ದಾರೆ.

ಮೊದಲು ತರಬೇಕಾದ್ದು ಸೊಳ್ಳೆ ಪರದೆ

68 ಸಾವಿರದ ಪಟ್ಟಿಯಲ್ಲಿ ಇಲ್ಲದೇ ಇದ್ದ ಒಂದು ಸಾಮಾನು ಅಂದರೆ ಸೊಳ್ಳೆ ಪರದೆ! ಆಶ್ಚರ್ಯ ಆಯಿತು. 2024ರಲ್ಲಿ ಡೆಂಗಿ ಎಷ್ಟು ಜಾಸ್ತಿಯಾಯಿತು ಅಂದರೆ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ಕಾಯಿಲೆ ಅಂತಲೇ ಘೋಷಿಸಬೇಕಾಯಿತು. ಡೆಂಗಿ ಸೊಳ್ಳೆ ಕಚ್ಚೋದು ಹೆಚ್ಚಾಗಿ ಹಗಲು ಹೊತ್ತು. ಎಳೆಗೂಸು ಹಗಲೆಲ್ಲ ಮಲಗಿಯೇ ಇರುತ್ತೆ. ಹುಟ್ಟಿದ ಮಗುವಿಗೆ ಸೊಳ್ಳೆ ಓಡಿಸೋ ಕ್ರೀಮು ಹಚ್ಚೋ ಹಾಗಿಲ್ಲ, ಬತ್ತಿಯ ಹೊಗೆಯೂ ಒಳ್ಳೇದಲ್ಲ. ಉಳಿದದ್ದು ಪರದೆ. ಹಗಲೂ ಕಟ್ಟಬೇಕು. ಕೊಡೆಯ ಹಾಗೆ ಮಡಚೋದು ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ಪರದೆಯ ಜೊತೆಗೆ ಮೇಲಿನ ಟ್ಯಾಂಕಿನ ಮುಚ್ಚಳ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ನೋಡಿಬಿಡಿ.

ಸರ್ಕಾರಕ್ಕೆ ಈ ಬುದ್ಧಿ ನಮಗಿಂತ ಮುಂಚೆ ಇತ್ತು ಅನ್ನಿ. 2007ರಲ್ಲಿ ನಮ್ಮ ರಾಜ್ಯದಲ್ಲಿ ‘ಮಡಿಲು’ ಅಂತ ಯೋಜನೆ ಶುರು ಮಾಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ಒಂದು ಕಿಟ್ ಕೊಟ್ಟರು. ಅದರಲ್ಲಿದ್ದದ್ದು ಸೊಳ್ಳೆ ಪರದೆ, ಜಮಖಾನ, ರಬ್ಬರ್ ಶೀಟು, ಸೋಪು, ಮಗುವಿಗೆ ಸ್ವೆಟರು, ಟೋಪಿ ಇಂಥವು. ಫಿನ್‌ಲ್ಯಾಂಡ್ ಅನ್ನೋ ದೇಶದಲ್ಲಿ 1938ರಿಂದಲೇ ಇಂಥ ಪೆಟ್ಟಿಗೆ ಕೊಡ್ತಾರೆ. ಮೊದಲು ಬಡವರಿಗೆ, 1949ರಿಂದ ಎಲ್ಲ ತಾಯಂದಿರಿಗೆ. ಬಟ್ಟೆಬರೆ ತೆಗೆದ ಮೇಲೆ ಆ ರಟ್ಟಿನ ಪೆಟ್ಟಿಗೆಯೇ ಮಗುವಿಗೆ ಹಾಸಿಗೆ! ಪೆಟ್ಟಿಗೆ ಬೇಕಾದರೆ ನಾಲ್ಕನೇ ತಿಂಗಳು ಮುಗಿಯೋದರೊಳಗೆ ವೈದ್ಯರ ಹತ್ತಿರ ತೋರಿಸಿಕೊಂಡಿರಬೇಕು ಅನ್ನೋ ಷರತ್ತು ಇಟ್ಟಿದ್ದಾರೆ. ಜಾಣತನ ಅಂದರೆ ಇದು. ಎರಡೂ ಪೆಟ್ಟಿಗೆ ಪಕ್ಕಪಕ್ಕ ಇಟ್ಟು ನೋಡಿದರೆ ಮಗುವಿಗೆ ಬೇಕಾದ್ದು ಎಷ್ಟು ಕಡಿಮೆ ಅಂತ ಗೊತ್ತಾಗುತ್ತೆ: ಬೆಚ್ಚಗಿರಬೇಕು, ಒಣಗಿರಬೇಕು, ಹಾಲು ಸಿಗಬೇಕು, ಸೊಳ್ಳೆ ಕಚ್ಚಬಾರದು.

ಅಂದ ಹಾಗೆ, ನಿಮ್ಮ ಮನೆಗೆ ಕೆಲಸಕ್ಕೆ ಬರುವವರು ಯಾರಾದರೂ ಬಸುರಿಯಾಗಿದ್ದರೆ ತಾಯಿ ಕಾರ್ಡು ಮಾಡಿಸಿದ್ದಾರಾ ಕೇಳಿ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಬ್ಯಾಂಕ್ ಖಾತೆಗೇ ಬರುತ್ತೆ. ಅಂಗನವಾಡಿಯಲ್ಲಿ ವಿಚಾರಿಸಿದರೆ ಅರ್ಹತೆ, ಅರ್ಜಿ ಎಲ್ಲ ಹೇಳ್ತಾರೆ.

ಬಾಟಲಿ, ಹಾಲಿನ ಡಬ್ಬ: ಕಾನೂನು ಏನು ಹೇಳುತ್ತೆ?

ಟಿ.ವಿ.ಯಲ್ಲಿ ಎಲ್ಲದರ ಜಾಹೀರಾತು ಬರುತ್ತೆ, ಎಳೆಮಕ್ಕಳ ಹಾಲಿನ ಪುಡಿಯದು ಬರಲ್ಲ. ಗಮನಿಸಿದ್ದೀರಾ? 1992ರಲ್ಲಿ ಬಂದ ಕಾನೂನೊಂದಿದೆ. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಅದರ ಪ್ರಕಾರ ತಾಯಿಹಾಲಿನ ಬದಲಿಗೆ ಕೊಡೋ ಪುಡಿ, ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರ, ಹಾಲಿನ ಬಾಟಲಿ ಇವುಗಳ ಜಾಹೀರಾತು ಮಾಡೋ ಹಾಗಿಲ್ಲ. ತಾಯಂದಿರಿಗೆ ಬಿಟ್ಟಿ ಸ್ಯಾಂಪಲ್ ಕೊಡೋ ಹಾಗಿಲ್ಲ. ಡಿಸ್ಚಾರ್ಜ್ ದಿನ ಯಾರಾದರೂ ‘ಗಿಫ್ಟ್’ ಅಂತ ಹಾಲಿನ ಡಬ್ಬ ಚೀಲಕ್ಕೆ ಹಾಕಿದರೆ ಬೇಡ ಅನ್ನೋ ಹಕ್ಕು ನಿಮಗಿದೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂದರೆ, ಮನೆಯಲ್ಲಿ ಬಾಟಲಿ ಕಾಣ್ತಿದ್ದರೆ ಮೊದಲ ಎರಡು ದಿನದ ಗಾಬರಿಯಲ್ಲಿ ಕೈ ಅದರ ಕಡೆಗೇ ಹೋಗುತ್ತೆ. ‘ಹಾಲು ಸಾಲ್ತಾ ಇಲ್ಲ, ಅಳ್ತಾ ಇದೆ, ಒಂದು ಬಾಟಲಿ ಕೊಡಿ’ ಅನ್ನೋ ಬಂಧುಗಳೂ ಇರ್ತಾರೆ. ಬಾಟಲಿಗೆ ಬಾಯಿ ಹಚ್ಚಿದ ಮಗು ಎದೆ ಚೀಪೋದು ಕಡಿಮೆ ಮಾಡಿದರೆ ಹಾಲೂ ಕಡಿಮೆಯಾಗುತ್ತೆ. ಚೀಪಿದಷ್ಟೂ ಹಾಲು ಬರೋದು, ಬಾವಿಯ ಸೆಲೆ ಇದ್ದ ಹಾಗೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ನಮ್ಮ ರಾಜ್ಯದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗೋದು ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ. ಇಷ್ಟೆಲ್ಲ ಆಸ್ಪತ್ರೆ ಇದ್ದೂ! ಸಿಸೇರಿಯನ್ ಆದರೂ ಬೇಗ ಎದೆಗೆ ಹಾಕಬಹುದು. ಆಸ್ಪತ್ರೆ ಆರಿಸುವಾಗ ಎ.ಸಿ. ರೂಮು ಇದೆಯಾ ಅಂತ ಕೇಳೋದರ ಜೊತೆಗೆ ‘ಮಗುವನ್ನು ಎಷ್ಟು ಹೊತ್ತಿಗೆ ತಾಯಿ ಹತ್ತಿರ ಕೊಡ್ತೀರಿ’ ಅಂತಲೂ ಕೇಳಿ.

ಹಾಲು ಕುಡಿಸೋಕೆ ನಿಜವಾಗಿ ಆಗದೇ ಹೋದರೆ, ವೈದ್ಯರು ಪುಡಿ ಹಾಲು ಬರೆದುಕೊಟ್ಟರೆ ಅದನ್ನು ಕೊಡಿ. ಅದರಲ್ಲಿ ತಪ್ಪೇನಿಲ್ಲ, ಆ ಹುಡುಗಿಯನ್ನು ಯಾರೂ ಚುಚ್ಚಬಾರದು. ಆಗಲೂ ಬಾಟಲಿಯೇ ಆಗಬೇಕೆಂದಿಲ್ಲ. ನಮ್ಮ ಅಜ್ಜಿಯಂದಿರ ಒಳಲೆ ಇದೆಯಲ್ಲ, ಅದನ್ನೇ ಇವತ್ತೂ ದೊಡ್ಡ ಆಸ್ಪತ್ರೆಗಳ ಎಳೆಗೂಸಿನ ವಾರ್ಡಿನಲ್ಲಿ ಬಳಸ್ತಾರೆ. ತೊಳೆಯೋದು ಸುಲಭ, ಕುದಿಸೋದು ಸುಲಭ. ಆರು ಬಾಟಲಿ ಮತ್ತು ಅವನ್ನು ಕುದಿಸೋ ವಿದ್ಯುತ್ ಡಬ್ಬ ಪಟ್ಟಿಯಿಂದ ಹೋಯಿತು. ಅಮ್ಮ ಅಟ್ಟದ ಮೇಲಿಂದ ನನ್ನ ಬೆಳ್ಳಿ ಒಳಲೆ ತೆಗೆಸಿ ಹುಣಸೆಹಣ್ಣಿನಲ್ಲಿ ತಿಕ್ಕಿಟ್ಟಿದ್ದಾರೆ. ಅದು ಹಳೇದಲ್ವಾ, ನಿಯಮಕ್ಕೆ ಅಡ್ಡಿ ಇಲ್ಲವಂತೆ.

ಡಬ್ಬಿ ಆಹಾರದ ಮಾತು ಬಂತು ಅಂತ ಹೇಳ್ತೀನಿ. 2024ರ ಏಪ್ರಿಲಿನಲ್ಲಿ ಸ್ವಿಟ್ಜರ್ಲೆಂಡಿನ ‘ಪಬ್ಲಿಕ್ ಐ’ ಸಂಸ್ಥೆ ಒಂದು ವರದಿ ಹೊರತಂದಿತು. ಭಾರತದಲ್ಲಿ ಮಾರೋ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ ಮೂರು ಗ್ರಾಂನಷ್ಟು ಸಕ್ಕರೆ ಸೇರಿಸಿದ್ದಾರೆ, ಯುರೋಪಿನಲ್ಲಿ ಅದೇ ಕಂಪನಿಯ ಇಂಥ ಆಹಾರಕ್ಕೆ ಸಕ್ಕರೆ ಹಾಕಿಲ್ಲ ಅನ್ನೋದು ಅದರ ಆರೋಪ. ಐದು ವರ್ಷದಲ್ಲಿ ಸಕ್ಕರೆ ಇಳಿಸುತ್ತಾ ಬಂದಿದ್ದೀವಿ ಅಂತ ಕಂಪನಿ ಹೇಳಿತು, ಅದೇ ವರ್ಷ ಸಕ್ಕರೆ ಹಾಕದ ಬಗೆಗಳನ್ನೂ ಪ್ರಕಟಿಸಿತು. ಏನೇ ಇರಲಿ, ಆರು ತಿಂಗಳವರೆಗೆ ಮಗುವಿಗೆ ಅದು ಬೇಕಾಗೇ ಇಲ್ಲ. ಆಮೇಲೆ ರಾಗಿ ಸರಿ ಮಾಡೋಕೆ ಬರದ ಮನೆ ನಮ್ಮ ಕಡೆ ಇದೆಯಾ?

ಪಟ್ಟಿಯಿಂದ ಹೊಡೆದು ಹಾಕಿದ್ದು

ವಾಕರ್. ಕೆನಡಾ ದೇಶದಲ್ಲಿ 2004ರಿಂದ ಇದರ ಮಾರಾಟವೇ ನಿಷೇಧ. ಮಗು ನಮ್ಮ ಕಣ್ಣು ತಪ್ಪಿಸಿ ಮೆಟ್ಟಿಲು, ಒಲೆ, ಬಿಸಿನೀರಿನ ಬಕೆಟ್ಟಿನ ಕಡೆಗೆ ಸರ್ರನೆ ಹೋಗಿಬಿಡುತ್ತೆ. ಅದರಿಂದ ಬೇಗ ನಡೆಯುತ್ತೆ ಅನ್ನೋದೂ ಸುಳ್ಳು. ಕಾಟಿನ ಸುತ್ತ ಕಟ್ಟೋ ಮೆತ್ತೆ ನೋಡೋಕೆ ಬಲು ಚೆನ್ನ, ಆದರೆ ಮುಖ ಅದಕ್ಕೆ ಒತ್ತಿಕೊಂಡು ಉಸಿರು ಕಟ್ಟಿದ ಪ್ರಕರಣಗಳಾದವು ಅಂತ ಅಮೆರಿಕದಲ್ಲಿ 2022ರ ಮೇ ತಿಂಗಳಲ್ಲಿ ಕಾನೂನು ಮಾಡಿ ನಿಲ್ಲಿಸಿದರು. ನಮ್ಮಲ್ಲಿ ಆನ್‌ಲೈನ್ ತುಂಬ ಅದೇ ತುಂಬಿದೆ. ಮಗುವನ್ನು ಬೆನ್ನ ಮೇಲೆ, ಸಮತಟ್ಟು ಗಟ್ಟಿ ಹಾಸಿಗೆಯಲ್ಲಿ, ದಿಂಬಿಲ್ಲದೆ ಮಲಗಿಸಿ ಅಂತಾರೆ ಮಕ್ಕಳ ವೈದ್ಯರು. ಸಾಸಿವೆ ದಿಂಬಿನ ವಿಷಯಕ್ಕೆ ಅಮ್ಮನಿಗೂ ನನಗೂ ಇನ್ನೂ ವಾದ ನಡೀತಿದೆ. ಎಚ್ಚರ ಇರುವಾಗ ಎದುರಿಗೆ ಕೂತಿದ್ದರೆ ಮಾತ್ರ ಅನ್ನೋವರೆಗೆ ಬಂದಿದ್ದಾರೆ.

ಪೌಡರು ಬೇಡ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ತನ್ನ ಟಾಲ್ಕ್ ಬೇಬಿ ಪೌಡರನ್ನು 2023ರಲ್ಲಿ ಜಗತ್ತಿನಾದ್ಯಂತ ನಿಲ್ಲಿಸೋದಾಗಿ 2022ರ ಆಗಸ್ಟಿನಲ್ಲಿ ಹೇಳಿ, ಜೋಳದ ಹಿಟ್ಟಿನ ಪೌಡರಿಗೆ ಬದಲಾಯಿಸಿತು. ಮೊಕದ್ದಮೆಗಳ ಕತೆ ದೊಡ್ಡದು, ಅದು ಹಾಗಿರಲಿ. ಯಾವ ಪುಡಿಯಾದರೂ ಗಾಳಿಯಲ್ಲಿ ಹಾರಿ ಮಗುವಿನ ಮೂಗಿಗೆ ಹೋಗುತ್ತೆ, ತೊಡೆಸಂದಿಯಲ್ಲಿ ಗಂಟಾಗುತ್ತೆ. ಕಣ್ಣಿಗೆ ಕಾಡಿಗೆಯೂ ಬೇಡ, ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದು. ದೃಷ್ಟಿಬೊಟ್ಟು ಇಡಲೇಬೇಕು ಅಂದರೆ ಅಂಗಾಲಿಗೆ ಇಡಿ.

ತಳ್ಳುಗಾಡಿಯ ಬಗ್ಗೆ ಒಂದೇ ಮಾತು. ಬಿಗ್ ಬಜಾರ್ ಸಿಗ್ನಲ್‌ನಿಂದ (ಆ ಅಂಗಡಿ 2022ರಲ್ಲೇ ಹೋಯಿತು, ಆಟೋದವರ ಬಾಯಲ್ಲಿ ಹೆಸರು ಉಳಿದಿದೆ) ಕತ್ರಿಗುಪ್ಪೆ ಮೇನ್ ರೋಡಿನ ಫುಟ್‌ಪಾತ್ ಮೇಲೆ ನೂರು ಹೆಜ್ಜೆ ಖಾಲಿ ಗಾಡಿ ತಳ್ಳಿ ತೋರಿಸು ಅಂತ ಮಗಳಿಗೆ ಹೇಳಿದೆ. ಅವಳೇ ನಕ್ಕು ಹೊಡೆದು ಹಾಕಿದಳು. ಕಾಟಿನ ಬದಲು ಪಕ್ಕದ ಮನೆಯವರು ತೊಟ್ಟಿಲು ಎರವಲು ಕೊಡ್ತಾರೆ. ಗಿಲಕಿ ಮಾತ್ರ ಚನ್ನಪಟ್ಟಣದ ಅರಗು ಬಣ್ಣದ್ದು, ಮಗು ಹಿಡಿಯೋಷ್ಟು ದೊಡ್ಡದಾದ ಮೇಲೆ. 2021ರಿಂದ ಆಟಿಕೆಗೆ ಬಿಐಎಸ್ ಮಾನದಂಡ ಕಡ್ಡಾಯವಾಗಿದೆ, ಪ್ಲಾಸ್ಟಿಕ್ ಆಟಿಕೆ ಕೊಳ್ಳುವವರು ಐಎಸ್‌ಐ ಗುರುತು ನೋಡಿ.

ದುಡ್ಡು ಉಳಿದರೆ ಯಾವುದಕ್ಕೆ?

ಸ್ವಂತ ಕಾರು ಇದ್ದರೆ, ಹಿಮ್ಮುಖವಾಗಿ ಕೂರಿಸೋ ಮಗುವಿನ ಸೀಟಿಗೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ ಇದೆ. ದಂಡ ಹಾಕಿದ್ದು ಕಂಡವರು ಕಡಿಮೆ, ಆದರೆ ಬ್ರೇಕು ಹಾಕಿದಾಗ ಮಡಿಲಲ್ಲಿರೋ ಮಗು ಕೈಯಲ್ಲಿ ನಿಲ್ಲಲ್ಲ. ಸ್ಕೂಟರಿನಲ್ಲಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಸುರಕ್ಷತಾ ಬೆಲ್ಟು, ತಲೆಗೆ ಹೆಲ್ಮೆಟ್ಟು, 40 ಕಿ.ಮೀ. ಮೀರದ ವೇಗ ಅಂತ 2023ರ ಫೆಬ್ರವರಿ 15ರಿಂದ ನಿಯಮವಿದೆ. ಒಂಬತ್ತು ತಿಂಗಳಿಗಿಂತ ಚಿಕ್ಕದನ್ನು ಸ್ಕೂಟರಿನಲ್ಲಿ ಕರ್ಕೊಂಡು ಹೋಗಲೇಬೇಡಿ, ಲಸಿಕೆಗಾದರೂ ಆಟೋ ಹಿಡಿಯಿರಿ.

ಒಂದು ಡಿಜಿಟಲ್ ಥರ್ಮಾಮೀಟರಿಗೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಮುಟ್ಟಿದರೆ ಮನೆಮದ್ದು ಮಾಡ್ತಾ ಕೂರದೆ ನೇರ ಡಾಕ್ಟರ ಹತ್ತಿರ.

ಉಳಿದದ್ದು ಬ್ಯಾಂಕಿನಲ್ಲಿರಲಿ. ಹೆರಿಗೆ ನಾವು ಅಂದುಕೊಂಡ ಹಾಗೇ ಆಗುತ್ತೆ ಅಂತಿಲ್ಲ. ನಮ್ಮ ರಾಜ್ಯದಲ್ಲಿ ಮೂರರಲ್ಲಿ ಒಂದರಷ್ಟು ಹೆರಿಗೆ ಸಿಸೇರಿಯನ್. ಮಗುವಿಗೆ ಕಾಮಾಲೆ ಅಂತ ಎರಡು ದಿನ ದೀಪದ ಕೆಳಗೆ ಇಟ್ಟರೆ ಅದರ ಬಿಲ್ಲು ಬೇರೆ. ಬಸುರಿಯಾದ ಮೇಲೆ ಮಾಡಿಸಿದ ವಿಮೆಯಲ್ಲಿ ಸಾಮಾನ್ಯವಾಗಿ ಆ ಹೆರಿಗೆಯ ಖರ್ಚು ಸಿಗಲ್ಲ, ಕಾಯುವ ಅವಧಿ ಇರುತ್ತೆ. ಕಂಪನಿ ವಿಮೆ ಇದ್ದರೆ ಹೆರಿಗೆಗೆ ಎಷ್ಟು ಮಿತಿ, ಮಗುವಿನ ಹೆಸರು ಎಷ್ಟು ದಿನದಲ್ಲಿ ಸೇರಿಸಬೇಕು ಅಂತ ಈಗಲೇ ಕೇಳಿಟ್ಟುಕೊಳ್ಳಿ. ಕಂತಿನಲ್ಲಿ ಕಾಟು ಕೊಂಡು ಡಿಸ್ಚಾರ್ಜ್ ದಿನ ಒಡವೆ ಅಡ ಇಟ್ಟ ಮನೆಯೊಂದು ನನಗೆ ಗೊತ್ತು.

ದುಡ್ಡು ಕೊಡದೆ ತರಬೇಕಾದ್ದು ಒಂದಿದೆ, ಜನನ ಪ್ರಮಾಣಪತ್ರ. 21 ದಿನದೊಳಗೆ ಹುಟ್ಟು ನೋಂದಣಿ ಆಗಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಸ್ಕೂಲು, ಡ್ರೈವಿಂಗ್ ಲೈಸೆನ್ಸು, ಮತದಾರರ ಪಟ್ಟಿ, ಎಲ್ಲಕ್ಕೂ ಜನ್ಮದಿನಕ್ಕೆ ಇದೇ ದಾಖಲೆ. ಆಸ್ಪತ್ರೆಯವರು ಫಾರ್ಮ್ ತುಂಬಿಸಿಕೊಳ್ಳುವಾಗ ತಾಯಿ-ತಂದೆಯ ಹೆಸರಿನ ಸ್ಪೆಲ್ಲಿಂಗು ಆಧಾರ್ ಜೊತೆ ಹೊಂದಿದೆಯಾ ಅಂತ ಒಂದ್ಸಲಕ್ಕೆ ಎರಡು ಸಲ ನೋಡಿ. ಆಮೇಲೆ ತಿದ್ದಿಸೋಕೆ ಅಲೆಯೋ ಪಾಡು ನನಗೆ ಗೊತ್ತು, ನನ್ನ ಮಗಳದೇ ಇನ್ಶಿಯಲ್ ತಪ್ಪಿತ್ತು.

ಕೊನೆಗೆ ನಮ್ಮ ಮನೆಯ ಪಟ್ಟಿ ಒಂಬತ್ತು ಸಾವಿರಕ್ಕೆ ಬಂದು ನಿಂತಿದೆ, ಅದರಲ್ಲಿ ದೊಡ್ಡ ಪಾಲು ಕಾರಿನ ಸೀಟಿನದು. ಆಸ್ಪತ್ರೆ ಚೀಲಕ್ಕೆ ಹೋಗೋದೆಲ್ಲ ಹಳೇ ಬಟ್ಟೆ: ಒಗೆದು ಬಿಸಿಲಿಗೆ ಹಾಕಿದ ಪಂಚೆಯ ತುಂಡು, ನನ್ನ ತಂಗಿ ಮಗನ ಟೋಪಿ ಕಾಲುಚೀಲ, ಮಗಳಿಗೆ ಮುಂದೆ ಗುಂಡಿ ಇರೋ ಎರಡು ನೈಟಿ, ತಾಯಿ ಕಾರ್ಡು, ಆಧಾರ್ ಜೆರಾಕ್ಸು. ಹೊಸದೆಲ್ಲ ಆರ್ಡರ್ ಮಾಡೋಕೆ ರೆಡಿ ಮಾಡಿ ಮೊಬೈಲಿನಲ್ಲಿ ಇಟ್ಟಿದ್ದಾಳೆ, ಮಗು ಹುಟ್ಟಿದ ಸುದ್ದಿ ಬಂದ ಮೇಲೆ ಅಳಿಯಂದಿರು ಬಟನ್ ಒತ್ತೋದು ಅಂತ ಮಾತಾಗಿದೆ. ಅಮ್ಮನಿಗೂ ಸಮ್ಮತ, ಮಗಳಿಗೂ ಸಮ್ಮತ.

ನಿನ್ನೆ ಮಧ್ಯಾಹ್ನ ಅಮ್ಮ ತಮ್ಮ ಎರಡು ವಾಯಿಲ್ ಸೀರೆ ತೆಗೆದು, ಅಂಚು ಬಿಡಿಸಿ ಚೌಕಕ್ಕೆ ಹರೀತಾ ಕೂತಿದ್ದರು. ಪಕ್ಕದಲ್ಲಿ ಮಗಳು ಕೂತು ಮಡಚಿ ಮಡಚಿ ಇಡ್ತಿದ್ದಳು. ಸೊಳ್ಳೆ ಪರದೆ ಒಂದು ಮಾತ್ರ ಈಗಲೇ ತರ್ತೀನಿ ಅಂತ ನಾನು ಮೆಲ್ಲಗೆ ಅಂದೆ. ‘ಅದನ್ನ ನಿನಗೆ ಅಂತ ತಾ, ಮಗೂಗೆ ಅನ್ನಬೇಡ’ ಅಂದರು ಅಮ್ಮ.